ಮಿಲಿಸೆಕೆಂಡ್‌ನಲ್ಲಿ ಮುಗಿಯುವ ಎಲೆಕ್ಟ್ರೋಡ್ ಕ್ರಿಯೆಯನ್ನು ರಾಮನ್‌ನಲ್ಲಿ ಹಿಡಿಯುವುದು ಹೇಗೆ: ಕೋಲಾರದ ಕಡೆಯ ಲ್ಯಾಬ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಪೊಟೆನ್ಶಿಯೋಸ್ಟಾಟ್ (ಎಲೆಕ್ಟ್ರೋಡ್‌ನ ಪೊಟೆನ್ಶಿಯಲ್ ಹಿಡಿದಿಟ್ಟು ಕರೆಂಟ್ ಅಳೆಯುವ ಉಪಕರಣ) ನಿಮಗೆ ಹೇಳುವುದು ಒಂದೇ ವಿಷಯ: ಎಷ್ಟು ಎಲೆಕ್ಟ್ರಾನ್ ಹೋಯಿತು, ಎಷ್ಟು ಬಂತು. ಅದನ್ನು ಯಾವ ಅಣು ತಗೊಂಡಿತು, ತಗೊಂಡ ಮೇಲೆ ಏನಾಯಿತು, ಮಧ್ಯದಲ್ಲಿ ಇನ್ನೊಂದು ರೂಪ ಬಂದು ಹೋಯಿತಾ ಅನ್ನೋದು ಕರೆಂಟ್‌ನಲ್ಲಿ ಕಾಣುವುದಿಲ್ಲ. ರಾಮನ್‌ನಲ್ಲಿ, ಅಂದರೆ ಲೇಸರ್ ಬಿಟ್ಟು ಅಣುವಿನಿಂದ ಚದುರಿ ಬರುವ ಬೆಳಕಿನ ಬಣ್ಣ ಎಷ್ಟು ಬದಲಾಗಿದೆ ಅಂತ ನೋಡುವ ವಿಧಾನದಲ್ಲಿ, ಕಾಣುತ್ತದೆ. ಆದರೆ ರಾಮನ್ ಸಿಗ್ನಲ್ ತೀರಾ ಸಣ್ಣದು. ಎಲೆಕ್ಟ್ರೋಡ್ ಮೇಲೆ ಒಂದೇ ಪದರ ಕೂತಿರುವ ಅಣುಗಳಿಂದ ಮಿಲಿಸೆಕೆಂಡ್‌ನಲ್ಲಿ ಸ್ಪೆಕ್ಟ್ರಮ್ ಬೇಕು ಅಂದರೆ ಮಾಮೂಲಿ ರಾಮನ್ ಸಾಕಾಗುವುದಿಲ್ಲ. ಅದೇ ಅಣು ಒರಟು ಚಿನ್ನ ಅಥವಾ ಬೆಳ್ಳಿಯ ಮೇಲೆ ಕೂತರೆ ಸಿಗ್ನಲ್ ಲಕ್ಷಪಟ್ಟು, ಕೆಲವು ಜಾಗದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಏರುತ್ತದೆ. ಇದಕ್ಕೇ ಸರ್ಸ್ (SERS, ಸರ್ಫೇಸ್ ಎನ್‌ಹಾನ್ಸ್ಡ್ ರಾಮನ್ ಸ್ಕ್ಯಾಟರಿಂಗ್) ಅನ್ನುತ್ತೇವೆ.

ಸರ್ಸ್ ಹುಟ್ಟಿದ್ದೇ ಎಲೆಕ್ಟ್ರೋಡ್ ಮೇಲೆ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಲೈಶ್‌ಮನ್, ಹೆಂಡ್ರಾ, ಮೆಕ್‌ಕ್ವಿಲನ್ ಮೂವರೂ ಒರಟು ಮಾಡಿದ ಬೆಳ್ಳಿ ಎಲೆಕ್ಟ್ರೋಡ್ ಮೇಲೆ ಪಿರಿಡಿನ್‌ನ ಸ್ಪೆಕ್ಟ್ರಮ್ ತೆಗೆದರು. ಮೇಲ್ಮೈ ಜಾಸ್ತಿಯಾಗಿದ್ದಕ್ಕೆ ಸಿಗ್ನಲ್ ಜಾಸ್ತಿ ಅಂದುಕೊಂಡರು. ಬರೀ ಮೇಲ್ಮೈಯಿಂದ ಇಷ್ಟು ಬರಲು ಸಾಧ್ಯವಿಲ್ಲ ಅಂತ 1977ರಲ್ಲಿ ಬೇರೆ ಎರಡು ತಂಡಗಳು ತೋರಿಸಿದವು. 2015ರ ಹೊತ್ತಿಗೆ ಚೀನಾದ ಶಿಯಾಮೆನ್ ವಿಶ್ವವಿದ್ಯಾಲಯದವರು ಬೆಳ್ಳಿಯ ಮೇಲೆ ನೈಲ್ ಬ್ಲೂ ಎಂಬ ಬಣ್ಣದ ಅಣು ಎಲೆಕ್ಟ್ರಾನ್ ತೆಗೆದುಕೊಳ್ಳುವುದನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಕರೆಂಟ್ ಜೊತೆಗೇ ಹಿಂಬಾಲಿಸಿದರು. ಈ ಮಾರ್ಗದರ್ಶಿಯಲ್ಲೂ ಅದೇ ನೈಲ್ ಬ್ಲೂ ಇಟ್ಟುಕೊಳ್ಳೋಣ, ಆದರೆ ಚಿನ್ನದ ಮೇಲೆ. ಚಿನ್ನ ಬೆಳ್ಳಿಯಷ್ಟು ಬೇಗ ಕಪ್ಪಾಗುವುದಿಲ್ಲ. ಹೇಗೂ ನಾವು ಕೋಲಾರದವರು, ಚಿನ್ನ ಬಿಟ್ಟು ಬೇರೆ ಶುರು ಮಾಡುವುದು ಚೆನ್ನಾಗಿರುವುದಿಲ್ಲ ಅಲ್ವಾ. (ರಾಮನ್ ಪರಿಣಾಮ ಕಂಡದ್ದು 1928ರ ಫೆಬ್ರವರಿ 28. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಈ ಎರಡಕ್ಕೂ ಸಂಬಂಧ ಏನೂ ಇಲ್ಲ, ಆದರೆ ನಮ್ಮ ಕಡೆ ವಿಜ್ಞಾನ ದಿನಾಚರಣೆಯ ಭಾಷಣದಲ್ಲಿ ಒಂದನ್ನು ನೆನೆದರೆ ಇನ್ನೊಂದು ನೆನಪಾಗದೆ ಇರುವುದಿಲ್ಲ.)

ಶುರು ಮಾಡುವ ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಎಲ್ಲರೂ ಮೊದಲು ಕೇಳುವುದು "ಕ್ಯಾಮೆರಾ ಎಷ್ಟು ಫಾಸ್ಟ್?" ಅಂತ. ಮೊದಲು ಕೇಳಬೇಕಾದ್ದು "ನನ್ನ ಸೆಲ್ ಎಷ್ಟು ಫಾಸ್ಟ್?" ಅಂತ. ಸೆಲ್ ಅಂದರೆ ಎಲೆಕ್ಟ್ರೋಡ್, ದ್ರಾವಣ ಎಲ್ಲ ಇರುವ ಬಟ್ಟಲು. ನೀವು ಪೊಟೆನ್ಶಿಯಲ್ ಬದಲಿಸಿದ ಕ್ಷಣಕ್ಕೇ ಎಲೆಕ್ಟ್ರೋಡ್ ಮೇಲೆ ಅದು ಬದಲಾಗುವುದಿಲ್ಲ. ಸೆಲ್ ನಿಧಾನವಾಗಿದ್ದರೆ ಲಕ್ಷಗಟ್ಟಲೆ ಕೊಟ್ಟು ತಂದ ಕ್ಯಾಮೆರಾ ನಿಮ್ಮ ಸೆಲ್‌ನ ನಿಧಾನವನ್ನೇ ಚೆನ್ನಾಗಿ ಅಳೆದು ಕೊಡುತ್ತದೆ, ನೀವು ಅದನ್ನು ಅಣುವಿನ ವೇಗ ಅಂತ ಬರೆದುಬಿಡುತ್ತೀರಿ.

ಹಂತ 1: ಎಲ್ಲಿ ಯಾವ ಕೆಲಸ ಅಂತ ಹಂಚಿಕೊಳ್ಳಿ

ನಮ್ಮ ಜಿಲ್ಲೆಯ ಹೆಚ್ಚಿನ ಕಾಲೇಜು ಲ್ಯಾಬ್‌ಗಳಲ್ಲಿ ಪೊಟೆನ್ಶಿಯೋಸ್ಟಾಟ್ ಸಿಗಬಹುದು, ರಾಮನ್ ಮೈಕ್ರೋಸ್ಕೋಪ್ ಸಿಗುವುದು ಕಷ್ಟ. ಅದಕ್ಕೆ ಬೆಂಗಳೂರಿಗೇ ಹೋಗಬೇಕು. ಐ-ಸ್ಟೆಮ್ ಅಂತ ಕೇಂದ್ರ ಸರ್ಕಾರದ ಪೋರ್ಟಲ್ ಇದೆ, ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಹೊರಗಿನವರಿಗೆ ಸಿಗುತ್ತದೆ ಅಂತ ಅಲ್ಲಿ ಹುಡುಕಬಹುದು. ಸ್ಲಾಟ್ ಬುಕ್ ಮಾಡುವಾಗ ಮೂರು ವಿಷಯ ಕೇಳಿ. 633 ನ್ಯಾನೋಮೀಟರ್ ಲೇಸರ್ ಇದೆಯಾ? ನಮ್ಮ ಸೆಲ್ ಸ್ಟೇಜ್ ಮೇಲೆ ಇಡಲು ಬಿಡುತ್ತಾರಾ? ಕ್ಯಾಮೆರಾಗೆ ಹೊರಗಿನ ಟ್ರಿಗರ್ ಕೊಡುವ ಸಾಕೆಟ್ ಇದೆಯಾ? ಮೂರನೆಯದಕ್ಕೆ ಆಪರೇಟರ್ ಹಲವು ಸಲ "ಗೊತ್ತಿಲ್ಲ ಸರ್, ಯಾರೂ ಕೇಳಿಲ್ಲ" ಅನ್ನುತ್ತಾರೆ. ಕ್ಯಾಮೆರಾದ ಮಾಡೆಲ್ ನಂಬರ್ ಕೇಳಿ ಮ್ಯಾನ್ಯುಯಲ್ ನೀವೇ ನೋಡಿ.

ಸೆಲ್ ಮಾಡುವುದು, ಎಲೆಕ್ಟ್ರೋಡ್ ಪಾಲಿಶ್, ಸೆಲ್‌ನ ವೇಗ ಅಳೆಯುವುದು, ಲೇಸರ್ ಇಲ್ಲದ ಎಲ್ಲ ಕರೆಂಟ್ ಮಾಪನ, ಇವೆಲ್ಲ ಕೋಲಾರದಲ್ಲೇ ಮುಗಿಯಲಿ. ಬೆಂಗಳೂರಿನಲ್ಲಿ ಗಂಟೆಗೆ ದುಡ್ಡು ಕಟ್ಟಿ ಕೂತು ಪಾಲಿಶ್ ಮಾಡುವುದರಲ್ಲಿ ಅರ್ಥವಿಲ್ಲ. ಚಿನ್ನವನ್ನು ಒರಟು ಮಾಡುವುದು ಮಾತ್ರ ಸ್ಲಾಟ್ ದಿನವೇ ಆಗಬೇಕು. ಬಸ್ಸಿನಲ್ಲಿ ತರುವಷ್ಟರಲ್ಲಿ ಒಣಗಿದ ಒರಟು ಚಿನ್ನ ಗಾಳಿಯ ಕೊಳೆಯನ್ನೆಲ್ಲ ಎಳೆದುಕೊಂಡಿರುತ್ತದೆ, ಆಮೇಲೆ ನಿಮ್ಮ ಸ್ಪೆಕ್ಟ್ರಮ್‌ನಲ್ಲಿ 1300ರಿಂದ 1600ರ ನಡುವೆ ಎದ್ದು ಬೀಳುವ ಕಾರ್ಬನ್ ಗುಡ್ಡಗಳು ಅದರವೇ. (ಇಲ್ಲಿಂದ ಮುಂದೆ ಪೀಕ್ ಸಂಖ್ಯೆಗಳೆಲ್ಲ ಪ್ರತಿ ಸೆಂಟಿಮೀಟರ್ ಲೆಕ್ಕದ ರಾಮನ್ ಶಿಫ್ಟ್.)

ಹಂತ 2: ನೀರು ಮತ್ತು ಅರ್ಥಿಂಗ್

ಇದನ್ನು ಬೇರೆ ಕಡೆಯ ಮಾರ್ಗದರ್ಶಿಗಳಲ್ಲಿ ಅರ್ಧ ಸಾಲಿನಲ್ಲಿ ಮುಗಿಸುತ್ತಾರೆ. ನಮಗೆ ಆಗುವುದಿಲ್ಲ. ಕೋಲಾರದ ಬೋರ್‌ವೆಲ್ ನೀರು ಗಡುಸು, ಫ್ಲೋರೈಡ್ ಬೇರೆ. ಅದನ್ನು ಹಳೆ ಗಾಜಿನ ಡಿಸ್ಟಿಲೇಶನ್‌ನಲ್ಲಿ ಒಂದು ಸಲ ಭಟ್ಟಿ ಇಳಿಸಿದರೆ ಟೈಟ್ರೇಶನ್‌ಗೆ ಪರವಾಗಿಲ್ಲ, ಸರ್ಸ್‌ಗೆ ಸಾಲದು. ಚೂರು ಕ್ಲೋರೈಡ್ ಇದ್ದರೂ ಚಿನ್ನ ಅದನ್ನು ಹಿಡಿದುಕೊಳ್ಳುತ್ತದೆ. ಆರ್‌ಒ ಆದ ಮೇಲೆ ಡಿಅಯಾನೈಸರ್ ಹಾಯಿಸಿ 18.2 ಮೆಗಾಓಮ್-ಸೆಂಟಿಮೀಟರ್ ತೋರಿಸುವ ನೀರು ಬೇಕು. ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರು ಬೇಡವೇ ಬೇಡ.

ಅರ್ಥಿಂಗ್ ಇನ್ನೂ ತಲೆನೋವು. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥ್ ಪಿಟ್ ಕೆಲಸ ಮಾಡುವುದು ಕಡಿಮೆ. ಆಗ ಕರೆಂಟ್ ಗ್ರಾಫ್ ಮೇಲೆ 50 ಹರ್ಟ್ಸ್ ಅಲೆ ಕೂರುತ್ತದೆ. 50 ಹರ್ಟ್ಸ್ ಅಂದರೆ 20 ಮಿಲಿಸೆಕೆಂಡ್‌ಗೆ ಒಂದು ಸುತ್ತು. ನೀವು ಹುಡುಕುತ್ತಿರುವ ಕ್ರಿಯೆಯೂ ಅದೇ 20 ಮಿಲಿಸೆಕೆಂಡ್ ಒಳಗೇ ನಡೆಯುವುದು. ಅಂದರೆ ನಿಧಾನದ ಸೈಕ್ಲಿಕ್ ವೋಲ್ಟಾಮೆಟ್ರಿಯಲ್ಲಿ (ಪೊಟೆನ್ಶಿಯಲ್ ಏರಿಸಿ ಇಳಿಸಿ ಕರೆಂಟ್ ನೋಡುವ ವಿಧಾನ) ಕಣ್ಣಿಗೇ ಬೀಳದ ಈ ಅಲೆ ಇಲ್ಲಿ ಸುಳ್ಳು ಕೈನೆಟಿಕ್ಸ್ (ಕ್ರಿಯೆಯ ವೇಗ) ಆಗಿ ನಿಮ್ಮ ಮುಂದೆ ನಿಲ್ಲುತ್ತದೆ. ಪಿಟ್‌ಗೆ ನೀರು ಹಾಕಿಸಿ, ಇದ್ದಿಲು ಉಪ್ಪು ಬದಲಿಸಿ ಎಷ್ಟು ವರ್ಷವಾಯಿತು ಅಂತ ಎಲೆಕ್ಟ್ರಿಷಿಯನ್‌ನ ಕೇಳಿ. ಸೆಲ್ ಸುತ್ತ ತಂತಿ ಬಲೆಯ ಪೆಟ್ಟಿಗೆ ಇಟ್ಟು ಅದನ್ನು ಪೊಟೆನ್ಶಿಯೋಸ್ಟಾಟ್‌ನ ಗ್ರೌಂಡ್‌ಗೆ ಸೇರಿಸಿ. ಯುಪಿಎಸ್ ಬ್ಯಾಟರಿ ಮೇಲೆ ಓಡುವಾಗ ಸ್ವಿಚಿಂಗ್ ಗಲಾಟೆ ಜಾಸ್ತಿಯಾದರೆ, ಕರೆಂಟ್ ಹೋದ ಹೊತ್ತಿನ ರನ್‌ಗಳನ್ನು ಬೇರೆ ಇಡಿ.

ಹಂತ 3: ಸೆಲ್

ಪಿಟಿಎಫ್‌ಇ (ಟೆಫ್ಲಾನ್) ದುಂಡನೆಯ ರಾಡ್ ತಂದು ಲೇತ್‌ನಲ್ಲಿ ಬಟ್ಟಲಿನ ಹಾಗೆ ಕೊರೆಸಿ. ಕೆಜಿಎಫ್ ಕಡೆ ಲೇತ್ ಕೆಲಸ ಗೊತ್ತಿರುವವರಿಗೆ ಬರವಿಲ್ಲ, ಡ್ರಾಯಿಂಗ್ ಕೊಟ್ಟರೆ ನೀಟಾಗಿ ಮಾಡಿಕೊಡುತ್ತಾರೆ. ಕೆಳಗಿನಿಂದ ಚಿನ್ನದ ಡಿಸ್ಕ್ ಎಲೆಕ್ಟ್ರೋಡ್ ಮೇಲ್ಮುಖವಾಗಿ ಬರಬೇಕು. ಅದರ ಸುತ್ತ ಪ್ಲಾಟಿನಂ ತಂತಿಯ ಬಳೆ, ಅದು ಕೌಂಟರ್, ಅಂದರೆ ಕರೆಂಟ್‌ನ ಸುತ್ತು ಪೂರ್ತಿ ಮಾಡುವ ಎಲೆಕ್ಟ್ರೋಡ್. ಪಕ್ಕದ ತೂತಿನಿಂದ ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್‌ನ (ಪೊಟೆನ್ಶಿಯಲ್ ಹೋಲಿಸಲು ಇಡುವ ಎಲೆಕ್ಟ್ರೋಡ್) ತುದಿ ಆದಷ್ಟು ಡಿಸ್ಕ್ ಹತ್ತಿರಕ್ಕೆ ಬರಲಿ. ನೈಟ್ರೋಜನ್ ಹಾಯಿಸಲು ಇನ್ನೊಂದು ಸಣ್ಣ ತೂತು.

ಮೇಲೆ ಏನು? ಮೈಕ್ರೋಸ್ಕೋಪ್‌ನ 50 ಪಟ್ಟಿನ ಲಾಂಗ್ ವರ್ಕಿಂಗ್ ಡಿಸ್ಟೆನ್ಸ್ ಲೆನ್ಸ್ ಇದ್ದರೆ, 0.17 ಮಿಲಿಮೀಟರ್‌ನ ಕವರ್ ಗಾಜು ಅಥವಾ ತೆಳು ಕ್ವಾರ್ಟ್ಜ್ ಕಿಟಕಿ ಮುಚ್ಚಿ, ಎಲೆಕ್ಟ್ರೋಡ್ ಮೇಲೆ ಒಂದೆರಡು ಮಿಲಿಮೀಟರ್ ದ್ರಾವಣ ಬಿಡಿ. ಇಲ್ಲೊಂದು ಎಳೆದಾಟ ಇದೆ. ದ್ರಾವಣದ ಪದರ ತೆಳುವಾದಷ್ಟೂ ರಾಮನ್ ಸಿಗ್ನಲ್ ಚೆನ್ನಾಗಿ ಬರುತ್ತದೆ, ಆದರೆ ಅಯಾನುಗಳಿಗೆ ಓಡಾಡಲು ಜಾಗ ಕಡಿಮೆಯಾಗಿ ರೆಸಿಸ್ಟೆನ್ಸ್ ಏರಿ ಸೆಲ್ ನಿಧಾನವಾಗುತ್ತದೆ. ಸ್ಪೆಕ್ಟ್ರಮ್ ಚೆಂದ ಕಾಣಲಿ ಅಂತ ಪದರವನ್ನು ಕೂದಲೆಳೆಯಷ್ಟು ತೆಳು ಮಾಡುವವರೇ ಜಾಸ್ತಿ. ಫಾಸ್ಟ್ ಕೆಲಸಕ್ಕೆ ಅದು ತಪ್ಪು ದಾರಿ, ನನ್ನ ಪ್ರಕಾರ ಒಂದು ಮಿಲಿಮೀಟರ್‌ಗಿಂತ ಕೆಳಗೆ ಇಳಿಯಬೇಡಿ.

ಹಂತ 4: ಚಿನ್ನವನ್ನು ಒರಟು ಮಾಡುವುದು

ಅಲ್ಯೂಮಿನಾ ಪುಡಿಯಲ್ಲಿ 1, 0.3, 0.05 ಮೈಕ್ರಾನ್ ಕ್ರಮದಲ್ಲಿ ಕನ್ನಡಿ ಹೊಳಪು ಬರುವ ತನಕ ಉಜ್ಜಿ. ಪ್ರತಿ ಸಲ ನೀರಿನಲ್ಲಿ ಸೋನಿಕೇಟ್ ಮಾಡಿ. ಪಿರಾನಾ ದ್ರಾವಣದ (ಸಲ್ಫ್ಯೂರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣ) ಆಸೆ ಬಿಡಿ, ಸಣ್ಣ ಲ್ಯಾಬ್‌ನಲ್ಲಿ ಅದರ ಅಪಾಯಕ್ಕೆ ತಕ್ಕ ಲಾಭ ಇಲ್ಲ.

ಆಮೇಲೆ 0.1 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್‌ನಲ್ಲಿ, ಸಿಲ್ವರ್ ಕ್ಲೋರೈಡ್ ರೆಫರೆನ್ಸ್‌ಗೆ ಹೋಲಿಸಿ −0.3 ವೋಲ್ಟ್‌ನಿಂದ +1.2 ವೋಲ್ಟ್‌ಗೆ, ಅಲ್ಲಿಂದ ವಾಪಸ್, ಸೆಕೆಂಡಿಗೆ 500 ಮಿಲಿವೋಲ್ಟ್ ವೇಗದಲ್ಲಿ ಸುಮಾರು 25 ಸುತ್ತು ಓಡಿಸಿ. ಮೇಲಿನ ತುದಿಯಲ್ಲಿ ಕೆಲವು ಸೆಕೆಂಡ್, ಕೆಳಗಿನ ತುದಿಯಲ್ಲಿ ಅದರ ಎರಡರಷ್ಟು ನಿಲ್ಲಿಸಿ. ಮೇಲೆ ಹೋದಾಗ ಚಿನ್ನ ಕ್ಲೋರೈಡ್ ಜೊತೆ ಸೇರಿ ಕರಗುತ್ತದೆ, ಕೆಳಗೆ ಬಂದಾಗ ಸಣ್ಣ ಸಣ್ಣ ಗುಬ್ಬುಗಳಾಗಿ ವಾಪಸ್ ಕೂರುತ್ತದೆ. ಆ ಗುಬ್ಬುಗಳ ನಡುವಿನ ಸಂದಿಗಳೇ ನಮ್ಮ ಹಾಟ್‌ಸ್ಪಾಟ್‌ಗಳು, ಅಂದರೆ ಸಿಗ್ನಲ್ ತೀರಾ ಏರುವ ಜಾಗಗಳು. ಹತ್ತು ನಿಮಿಷದ ಕೆಲಸ. ಮುಗಿದಾಗ ಹೊಳಪು ಹೋಗಿ ಮಂಕು ಕಂದು ಬಣ್ಣ ಬಂದಿದ್ದರೆ ಸರಿ. ಚೆನ್ನಾಗಿ ತೊಳೆಯಿರಿ, ಕ್ಲೋರೈಡ್ ಉಳಿಯಬಾರದು.

ನಿಜವಾದ ಮೇಲ್ಮೈ ಎಷ್ಟು ಅಂತ ಲೆಕ್ಕ ಬೇಕು. ಕೋಲಾರದಲ್ಲಿ ರೂಢಿ ಮಾಡುವಾಗ ಇನ್ನೊಂದು ಎಲೆಕ್ಟ್ರೋಡ್‌ನಲ್ಲಿ ಇದೇ ಕ್ರಮ ಮಾಡಿ, 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ 0ರಿಂದ 1.5 ವೋಲ್ಟ್ ಓಡಿಸಿ. ವಾಪಸ್ ಬರುವಾಗ 0.9 ವೋಲ್ಟ್ ಹತ್ತಿರ ಚಿನ್ನದ ಆಕ್ಸೈಡ್ ಒಡೆಯುವ ಪೀಕ್ ಕಾಣುತ್ತದೆ. ಅದರ ಚಾರ್ಜ್ ಅನ್ನು ಚದರ ಸೆಂಟಿಮೀಟರ್‌ಗೆ 390 ಮೈಕ್ರೋಕೂಲಂಬ್‌ನಿಂದ ಭಾಗಿಸಿ. 2 ಮಿಲಿಮೀಟರ್ ಅಗಲದ ಡಿಸ್ಕ್‌ನ ಲೆಕ್ಕದ ಮೇಲ್ಮೈ 0.0314 ಚದರ ಸೆಂಟಿಮೀಟರ್. ಚಾರ್ಜ್ 61.2 ಮೈಕ್ರೋಕೂಲಂಬ್ ಬಂದರೆ ನಿಜವಾದ ಮೇಲ್ಮೈ 0.157, ಅಂದರೆ ಐದು ಪಟ್ಟು ಒರಟು. ಮುಂದಿನ ಉದಾಹರಣೆಗೆ ಇದನ್ನೇ ಹಿಡಿಯೋಣ.

ಹಂತ 5: ಸೆಲ್‌ನ ಗಡಿಯಾರ ಅಳೆಯಿರಿ

ಇಡೀ ಕೆಲಸದ ಬೆನ್ನೆಲುಬು ಇದು. ಎಲೆಕ್ಟ್ರೋಡ್ ಮತ್ತು ದ್ರಾವಣದ ಗಡಿಯಲ್ಲಿ ಡಬಲ್ ಲೇಯರ್ (ಎದುರುಬದುರಾದ ಎರಡು ಚಾರ್ಜ್ ಪದರ) ಇರುತ್ತದೆ, ಅದು ಕೆಪಾಸಿಟರ್. ದ್ರಾವಣಕ್ಕೆ ರೆಸಿಸ್ಟೆನ್ಸ್ ಇದೆ. ಎರಡನ್ನೂ ಗುಣಿಸಿದರೆ ಬರುವುದು ಆರ್‌ಸಿ ಸಮಯ. ಎಲೆಕ್ಟ್ರೋಡ್ ಹೊಸ ಪೊಟೆನ್ಶಿಯಲ್‌ಗೆ ಹೆಚ್ಚೂಕಡಿಮೆ ಪೂರ್ತಿ ತಲುಪಲು ಇದರ ಐದು ಪಟ್ಟು ಸಮಯ ಬೇಕು.

ಮೊದಲು ಕಾಗದದ ಮೇಲೆ ಅಂದಾಜು. 25 ಡಿಗ್ರಿಯಲ್ಲಿ 0.1 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್‌ನ ವಾಹಕತೆ ಸೆಂಟಿಮೀಟರ್‌ಗೆ 12.9 ಮಿಲಿಸೀಮೆನ್ಸ್. ಡಿಸ್ಕ್‌ನ ರೆಸಿಸ್ಟೆನ್ಸ್ ಅಂದರೆ ಒಂದನ್ನು, ನಾಲ್ಕು ಗುಣಿಸು ವಾಹಕತೆ ಗುಣಿಸು ತ್ರಿಜ್ಯದಿಂದ ಭಾಗಿಸಿದ್ದು. ನಮ್ಮ 2 ಮಿಲಿಮೀಟರ್ ಡಿಸ್ಕ್‌ಗೆ ಸುಮಾರು 194 ಓಮ್. ಕೆಪಾಸಿಟನ್ಸ್ ಚದರ ಸೆಂಟಿಮೀಟರ್‌ಗೆ 20 ಮೈಕ್ರೋಫ್ಯಾರಡ್ ಅಂತ ಹಿಡಿದರೆ 0.157ಕ್ಕೆ 3.1 ಮೈಕ್ರೋಫ್ಯಾರಡ್. ಗುಣಿಸಿದರೆ 0.6 ಮಿಲಿಸೆಕೆಂಡ್, ಐದು ಪಟ್ಟು 3 ಮಿಲಿಸೆಕೆಂಡ್. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಕಿಟಕಿ ಗಾಜು ಕೆಳಗಿಳಿಸಿ ಪದರ ತೆಳು ಮಾಡಿ ರೆಸಿಸ್ಟೆನ್ಸ್ 1,000 ಓಮ್‌ಗೆ ಏರಿತು ಅಂದುಕೊಳ್ಳಿ. ಆಗ ಐದು ಪಟ್ಟು ಅಂದರೆ ಸುಮಾರು 16 ಮಿಲಿಸೆಕೆಂಡ್. ಐದು ಮಿಲಿಸೆಕೆಂಡ್‌ಗೆ ಒಂದು ಸ್ಪೆಕ್ಟ್ರಮ್ ತೆಗೆದರೆ ಮೊದಲ ಮೂರೂ ಸ್ಪೆಕ್ಟ್ರಮ್ ದಾರಿಯಲ್ಲಿರುವ ಎಲೆಕ್ಟ್ರೋಡ್‌ನವು.

ಈಗ ಅಳತೆ. ಬಣ್ಣ ಹಾಕದ, ಬರೀ ಬಫರ್ ಇರುವ ಸೆಲ್ ತಗೊಳ್ಳಿ. ಯಾವ ಕ್ರಿಯೆಯೂ ನಡೆಯದ ಜಾಗದಲ್ಲಿ, ಉದಾಹರಣೆಗೆ 0ಯಿಂದ +0.05 ವೋಲ್ಟ್‌ಗೆ, ಒಂದು ಸಣ್ಣ ಮೆಟ್ಟಿಲು ಕೊಡಿ. ಕರೆಂಟ್ ಅನ್ನು 10ರಿಂದ 20 ಮೈಕ್ರೋಸೆಕೆಂಡ್‌ಗೊಮ್ಮೆ ದಾಖಲಿಸಿ. ಥಟ್ಟನೆ ಏರಿ ಇಳಿಯುವ ಗ್ರಾಫ್ ಬರುತ್ತದೆ. ಮೊದಲ ಕ್ಷಣದ ಎತ್ತರ 0.26 ಮಿಲಿಆಂಪಿಯರ್ ಇದ್ದರೆ 50 ಮಿಲಿವೋಲ್ಟ್ ಭಾಗಿಸು 0.26, ಅಂದರೆ ಅದೇ 190ರ ಆಸುಪಾಸಿನ ಓಮ್. ಕರೆಂಟ್‌ನ ಲಾಗ್ ತೆಗೆದು ಸಮಯದ ಎದುರು ಹಾಕಿದರೆ ನೇರ ಗೆರೆ ಬರಬೇಕು, ಅದರ ಇಳಿಜಾರಿನಿಂದ ಆರ್‌ಸಿ ಸಿಗುತ್ತದೆ. ಒರಟು ಎಲೆಕ್ಟ್ರೋಡ್‌ನಲ್ಲಿ ಬಾಲದ ಕಡೆ ಗೆರೆ ಬಾಗುತ್ತದೆ, ಅದು ಸಹಜ. ಮೊದಲ ಭಾಗವನ್ನೇ ನಂಬಿ. ಬೆಂಗಳೂರಿಗೆ ಹೋದ ಮೇಲೆ ಲೆನ್ಸ್ ಕೆಳಗೆ ಇಟ್ಟ ಸ್ಥಿತಿಯಲ್ಲೇ ಇದನ್ನು ಮತ್ತೊಮ್ಮೆ ಅಳೆಯಿರಿ, ಯಾಕೆಂದರೆ ಗಾಜಿನ ಎತ್ತರ ಬದಲಾಗಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಹಲವರು ಮರೆಯುತ್ತಾರೆ. ಎಲೆಕ್ಟ್ರೋಡ್ ಮೇಲೆ ಕೂತ ನೈಲ್ ಬ್ಲೂ ಕೂಡ ಚಾರ್ಜ್ ಕುಡಿಯುತ್ತದೆ. ಚದರ ಸೆಂಟಿಮೀಟರ್‌ಗೆ 10⁻¹⁰ ಮೋಲ್ ಕೂತಿದ್ದರೆ, ತಲಾ ಎರಡು ಎಲೆಕ್ಟ್ರಾನ್ ಲೆಕ್ಕದಲ್ಲಿ 19 ಮೈಕ್ರೋಕೂಲಂಬ್ ಬೇಕು. ಡಬಲ್ ಲೇಯರ್‌ಗೆ 0.6 ವೋಲ್ಟ್ ಮೆಟ್ಟಿಲಿಗೆ ಬೇಕಾದ್ದು 12. ಅಂದರೆ ಬರೀ ಬಫರ್‌ನಲ್ಲಿ ಅಳೆದ ಸಮಯಕ್ಕಿಂತ ನಿಜವಾದ ಸಮಯ ಜಾಸ್ತಿ. ಇದಕ್ಕೆ ಮದ್ದು ಸುಲಭ: ಬಣ್ಣ ಕಡಿಮೆ ಹಚ್ಚಿ. ಸರ್ಸ್ ಸಿಗ್ನಲ್ ಹೇಗೂ ಸಾಕಷ್ಟಿದೆ.

ಪೊಟೆನ್ಶಿಯೋಸ್ಟಾಟ್‌ನಲ್ಲಿ ಐಆರ್ ಕಾಂಪನ್ಸೇಶನ್ (ದ್ರಾವಣದ ರೆಸಿಸ್ಟೆನ್ಸ್‌ನಲ್ಲಿ ಕಳೆದುಹೋಗುವ ವೋಲ್ಟೇಜ್ ಸರಿದೂಗಿಸುವುದು) ಇದ್ದರೆ 80 ಶೇಕಡಾ ತನಕ ಹಾಕಿ. 100ಕ್ಕೆ ಹತ್ತಿರ ಹೋದರೆ ಅದು ಒದ್ದಾಡಲು ಶುರು ಮಾಡಿ ಚಿನ್ನದ ಮೇಲ್ಮೈಯನ್ನೇ ಹಾಳು ಮಾಡುತ್ತದೆ.

ಇಷ್ಟಾದರೂ ವೇಗ ಸಾಲದಿದ್ದರೆ ಎಲೆಕ್ಟ್ರೋಡ್ ಸಣ್ಣದು ಮಾಡಿ. ಗಾಜಿನ ಕ್ಯಾಪಿಲರಿಯಲ್ಲಿ 25 ಮೈಕ್ರಾನ್ ಚಿನ್ನದ ತಂತಿ ಕೂರಿಸಿ ಸೀಲ್ ಮಾಡಿ ತುದಿ ಉಜ್ಜಿದರೆ ಸಾಕು. ಆರ್‌ಸಿ ಸಮಯ ತ್ರಿಜ್ಯದ ಜೊತೆ ಇಳಿಯುತ್ತದೆ. 2 ಮಿಲಿಮೀಟರ್‌ನಿಂದ 25 ಮೈಕ್ರಾನ್‌ಗೆ ಇಳಿದರೆ 80 ಪಟ್ಟು ಕಡಿಮೆ, ಅಂದರೆ 8 ಮೈಕ್ರೋಸೆಕೆಂಡ್ ಆಸುಪಾಸು. ಎಲೆಕ್ಟ್ರೋಡ್ ಸಣ್ಣದಾದರೆ ರಾಮನ್ ಸಿಗ್ನಲ್ ಹೋಗುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಹೋಗುವುದಿಲ್ಲ. ಲೇಸರ್ ಬೊಟ್ಟಿನ ಅಗಲ ಹೇಗೂ 2 ಮೈಕ್ರಾನ್ ಅಷ್ಟೇ. 2 ಮಿಲಿಮೀಟರ್ ಡಿಸ್ಕ್‌ನಲ್ಲೂ ನೀವು ನೋಡುತ್ತಿದ್ದುದು ಆ 2 ಮೈಕ್ರಾನ್ ಅನ್ನೇ, ಉಳಿದ ಚಿನ್ನ ಸುಮ್ನೆ ಕರೆಂಟ್ ಕುಡಿದು ಸೆಲ್ ನಿಧಾನ ಮಾಡುತ್ತಿತ್ತು. ಕರೆಂಟ್ ನ್ಯಾನೋಆಂಪಿಯರ್ ಲೆಕ್ಕಕ್ಕೆ ಇಳಿಯುತ್ತದೆ ಅನ್ನೋದೊಂದೇ ತೊಂದರೆ, ಆಗ ಹಂತ 2ರ ಅರ್ಥಿಂಗ್ ಎರಡರಷ್ಟು ಮುಖ್ಯ.

ಹಂತ 6: ಬಣ್ಣ ಹಚ್ಚಿ, ಮೊದಲು ಕತ್ತಲಲ್ಲಿ ನೋಡಿ

10 ಮೈಕ್ರೋಮೋಲಾರ್ ನೈಲ್ ಬ್ಲೂನಲ್ಲಿ ಎಲೆಕ್ಟ್ರೋಡ್ ಕೆಲವು ನಿಮಿಷ ಅದ್ದಿ, ತೊಳೆದು, ಬಣ್ಣವಿಲ್ಲದ 0.1 ಮೋಲಾರ್ ಫಾಸ್ಫೇಟ್ ಬಫರ್‌ಗೆ, ಪಿಹೆಚ್ 7, ಇಳಿಸಿ. ತೊಳೆಯದಿದ್ದರೆ ದ್ರಾವಣದಲ್ಲಿ ತೇಲುವ ಬಣ್ಣ ಫ್ಲೋರೆಸೆನ್ಸ್ ಕೊಟ್ಟು ಸ್ಪೆಕ್ಟ್ರಮ್ ಮುಚ್ಚುತ್ತದೆ. ಲೋಹಕ್ಕೆ ಅಂಟಿದ ಅಣುವಿನ ಫ್ಲೋರೆಸೆನ್ಸ್ ಲೋಹವೇ ನುಂಗುತ್ತದೆ, ಆ ತೊಂದರೆ ಇಲ್ಲ. ನೈಟ್ರೋಜನ್ ಇಪ್ಪತ್ತು ನಿಮಿಷ ಹಾಯಿಸಿ. ಆಕ್ಸಿಜನ್ ಇದ್ದರೆ ಅದೂ ಇದೇ ಪೊಟೆನ್ಶಿಯಲ್‌ನಲ್ಲಿ ಎಲೆಕ್ಟ್ರಾನ್ ತಗೊಳ್ಳುತ್ತದೆ, ಅದು ಸಾಲದು ಅಂತ ಬಣ್ಣದಿಂದಲೂ ಕಿತ್ತುಕೊಳ್ಳುತ್ತದೆ.

ಸೈಕ್ಲಿಕ್ ವೋಲ್ಟಾಮೆಟ್ರಿ ಓಡಿಸಿ. −0.3ರಿಂದ −0.4 ವೋಲ್ಟ್ ಸುತ್ತ ಜೋಡಿ ಪೀಕ್ ಕಾಣಬೇಕು. ಪೊಟೆನ್ಶಿಯಲ್ ಓಡಿಸುವ ವೇಗ ಎರಡರಷ್ಟು ಮಾಡಿದಾಗ ಪೀಕ್ ಕರೆಂಟ್ ಕೂಡ ಎರಡರಷ್ಟಾದರೆ ಅಣು ಮೇಲ್ಮೈಗೆ ಅಂಟಿದೆ. 1.4 ಪಟ್ಟು ಮಾತ್ರ ಏರಿದರೆ ದ್ರಾವಣದಿಂದ ಬರುತ್ತಿದೆ, ಮತ್ತೆ ತೊಳೆಯಿರಿ.

ಹಂತ 7: ಲೇಸರ್ ಸಾಕ್ಷಿಯಾಗಿರಲಿ, ಪಾಲುದಾರ ಆಗದಿರಲಿ

633 ಯಾಕೆ ಅಂದರೆ ನೈಲ್ ಬ್ಲೂ ಆ ಬಣ್ಣದ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಒರಟು ಚಿನ್ನವೂ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. 532ರ ಹಸಿರು ಲೇಸರ್‌ನಲ್ಲಿ ಚಿನ್ನ ಹೆಚ್ಚು ಕಡಿಮೆ ಸತ್ತ ಹಾಗೆ, ಅದಕ್ಕೆ ಬೆಳ್ಳಿ ಬೇಕು. ಮೊದಲು ಸಿಲಿಕಾನ್ ತುಂಡಿನಲ್ಲಿ 520.7ಕ್ಕೆ ಕ್ಯಾಲಿಬ್ರೇಶನ್ ಮಾಡಿ. ಆಮೇಲೆ ನೈಲ್ ಬ್ಲೂವಿನ 592ರ ಪೀಕ್ ಹುಡುಕಿ. ನಾವು ಹಿಂಬಾಲಿಸುವುದು ಅದನ್ನೇ. ಅಣು ಎಲೆಕ್ಟ್ರಾನ್ ತಗೊಂಡು ಬಣ್ಣ ಕಳೆದುಕೊಂಡರೆ ಈ ಪೀಕ್ ಕುಸಿಯುತ್ತದೆ.

ಮಾದರಿಯ ಮೇಲೆ ಬೀಳುವ ಶಕ್ತಿ 0.1 ಮಿಲಿವ್ಯಾಟ್‌ನಿಂದ ಶುರು ಮಾಡಿ. ಲೆನ್ಸ್ ಕೆಳಗೆ ಪವರ್ ಮೀಟರ್ ಇಟ್ಟು ಅಳೆಯಿರಿ, ಸಾಫ್ಟ್‌ವೇರ್‌ನ ಶೇಕಡಾವಾರು ಅಂಕಿಯನ್ನು ನಂಬಬೇಡಿ. ಲೇಸರ್ ಕನ್ನಡಕ ಹಾಕಿ, ತೆರೆದ ಸ್ಟೇಜ್ ಇದ್ದರೆ ಇನ್ನೂ ಮುಖ್ಯ. ಈಗ ಮೂರು ಪರೀಕ್ಷೆ. 0 ವೋಲ್ಟ್‌ನಲ್ಲೇ ನಿಲ್ಲಿಸಿ ಒಂದು ನಿಮಿಷ ಬಿಡದೆ ಸ್ಪೆಕ್ಟ್ರಮ್ ತೆಗೆಯಿರಿ. 592 ಇಳಿಯುತ್ತಾ ಹೋದರೆ ಲೇಸರ್ ಅಣುವನ್ನು ಸುಡುತ್ತಿದೆ. ಶಕ್ತಿ ಅರ್ಧ ಮಾಡಿ. ಪೀಕ್ ಅರ್ಧಕ್ಕೆ ಇಳಿಯಬೇಕು, ಆದರೆ ಕೊನೆಗೆ ಸಿಗುವ ವೇಗ ಸ್ಥಿರಾಂಕ (ಕ್ರಿಯೆ ಎಷ್ಟು ಬೇಗ ನಡೆಯುತ್ತದೆ ಅನ್ನುವ ಸಂಖ್ಯೆ) ಅಲ್ಲಾಡಬಾರದು. 25 ಮೈಕ್ರಾನ್ ಎಲೆಕ್ಟ್ರೋಡ್‌ನಲ್ಲಿ ಲೇಸರ್ ಹಚ್ಚಿ ಆರಿಸಿ ಕರೆಂಟ್ ನೋಡಿ. ಕರೆಂಟ್ ಬದಲಾದರೆ ಬೆಳಕು ಅಥವಾ ಬಿಸಿ ಕ್ರಿಯೆಯೊಳಗೆ ಕೈ ಹಾಕಿದೆ. ಆಗ ಚೂರು ಡಿಫೋಕಸ್ ಮಾಡಿ ಬೊಟ್ಟು ಅಗಲಿಸಿ.

ಹಂತ 8: ಕ್ಯಾಮೆರಾ ಮತ್ತು ಪೊಟೆನ್ಶಿಯೋಸ್ಟಾಟ್ ಒಂದೇ ತಾಳಕ್ಕೆ

ಪೊಟೆನ್ಶಿಯೋಸ್ಟಾಟ್ ಮೆಟ್ಟಿಲು ಕೊಡುವ ಕ್ಷಣಕ್ಕೆ ಅದರ ಡಿಜಿಟಲ್ ಔಟ್‌ಪುಟ್‌ನಿಂದ ಕ್ಯಾಮೆರಾಗೆ ಟ್ರಿಗರ್ ಹೋಗಬೇಕು. ಮೌಸ್‌ನಿಂದ ಎರಡನ್ನೂ ಒಟ್ಟಿಗೆ ಕ್ಲಿಕ್ ಮಾಡುವುದು ಈ ಕೆಲಸಕ್ಕೆ ಆಗುವ ಮಾತಲ್ಲ. ಡಿಜಿಟಲ್ ಔಟ್‌ಪುಟ್ ಇಲ್ಲದಿದ್ದರೆ ಒಂದು ಆರ್ಡುಯಿನೋ ಬೋರ್ಡ್ ಇಬ್ಬರಿಗೂ ಟ್ರಿಗರ್ ಕೊಡಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೋರ್ಡು, ಬಿಎನ್‌ಸಿ ಕೇಬಲ್ಲು ಎಲ್ಲ ಸಿಗುತ್ತದೆ. ಕ್ಯಾಮೆರಾ 5 ವೋಲ್ಟ್ ತಡೆಯುತ್ತದಾ, 3.3 ಮಾತ್ರವಾ ಅಂತ ನೋಡಿಕೊಂಡೇ ಸೇರಿಸಿ.

ಕ್ಯಾಮೆರಾದಲ್ಲಿ ಪೂರ್ತಿ ಲಂಬ ಬಿನ್ನಿಂಗ್ (ಮೇಲಿಂದ ಕೆಳಗಿನ ಪಿಕ್ಸೆಲ್‌ಗಳನ್ನು ಕೂಡಿಸಿ ಓದುವುದು) ಮತ್ತು ಕೈನೆಟಿಕ್ ಮೋಡ್ (ಒಂದರ ಹಿಂದೊಂದು ಫ್ರೇಮ್ ತೆಗೆಯುವುದು) ಹಾಕಿ. ಯಾಂತ್ರಿಕ ಶಟರ್ ತೆರೆದೇ ಇರಲಿ, ಅದು ತೆರೆದು ಮುಚ್ಚಲು ಹತ್ತಾರು ಮಿಲಿಸೆಕೆಂಡ್ ತಿನ್ನುತ್ತದೆ. ಮಾಮೂಲಿ ಸಿಸಿಡಿಯಲ್ಲಿ 5ರಿಂದ 20 ಮಿಲಿಸೆಕೆಂಡ್‌ಗೆ ಒಂದು ಸ್ಪೆಕ್ಟ್ರಮ್ ಸಿಕ್ಕರೆ ಒಳ್ಳೆಯದೇ. ಇಎಂಸಿಸಿಡಿಯಲ್ಲಿ (ಸಣ್ಣ ಸಿಗ್ನಲ್ ಅನ್ನು ಒಳಗೇ ಹಿಗ್ಗಿಸುವ ಕ್ಯಾಮೆರಾ) ಕ್ರಾಪ್ ಮೋಡ್ (ಸೆನ್ಸರ್‌ನ ಒಂದು ಭಾಗ ಮಾತ್ರ ಓದುವುದು) ಇದ್ದರೆ ಒಂದು ಮಿಲಿಸೆಕೆಂಡ್ ಅಥವಾ ಅದಕ್ಕೂ ಕೆಳಗೆ ಇಳಿಯಬಹುದು.

ಟ್ರಿಗರ್ ಹೋದ ಎಷ್ಟು ಹೊತ್ತಿಗೆ ಮೊದಲ ಫ್ರೇಮ್ ಶುರುವಾಯಿತು? ಇದನ್ನು ತಿಳಿಯಲು ಚೆಂದದ ಒಂದು ಉಪಾಯ ಇದೆ. ಒಂದು ಕೆಂಪು ಎಲ್‌ಇಡಿಯನ್ನು ಆರ್ಡುಯಿನೋದ ಇನ್ನೊಂದು ಪಿನ್‌ಗೆ ಸೇರಿಸಿ ಲೆನ್ಸ್ ಕೆಳಗೆ ಇಡಿ. ಆರ್ಡುಯಿನೋದಿಂದ ಟ್ರಿಗರ್ ಆದ 12 ಮಿಲಿಸೆಕೆಂಡ್‌ಗೆ ಎಲ್‌ಇಡಿ ಹೊತ್ತುವ ಹಾಗೆ ಮಾಡಿ. ಫ್ರೇಮ್ 5 ಮಿಲಿಸೆಕೆಂಡ್‌ನದಾದರೆ ಮೊದಲ ಎರಡು ಫ್ರೇಮ್ ಕತ್ತಲು, ಮೂರನೆಯದರಲ್ಲಿ ಪೂರ್ತಿ ಬೆಳಕಿನ ಐದರಲ್ಲಿ ಮೂರು ಪಾಲು, ನಾಲ್ಕನೆಯದರಲ್ಲಿ ಪೂರ್ತಿ ಬರಬೇಕು. ಮೂರನೆಯ ಫ್ರೇಮ್‌ನಲ್ಲಿ ಐದರಲ್ಲಿ ನಾಲ್ಕು ಪಾಲು ಬಂದರೆ ಕ್ಯಾಮೆರಾ ಒಂದು ಮಿಲಿಸೆಕೆಂಡ್ ತಡವಾಗಿ ಎದ್ದಿದೆ ಅಂತ ಅರ್ಥ. ಆ ಒಂದು ಮಿಲಿಸೆಕೆಂಡ್ ಅನ್ನು ಎಲ್ಲ ಲೆಕ್ಕದಲ್ಲೂ ಸೇರಿಸಿ.

ಹಂತ 9: ಮೆಟ್ಟಿಲು, ಮತ್ತೆ ಮೆಟ್ಟಿಲು

0 ವೋಲ್ಟ್‌ನಲ್ಲಿ ಎರಡು ಮೂರು ಸೆಕೆಂಡ್ ವಿಶ್ರಾಂತಿ, −0.6ಕ್ಕೆ ಮೆಟ್ಟಿಲು, 200 ಮಿಲಿಸೆಕೆಂಡ್ ಅಲ್ಲೇ, ಮತ್ತೆ 0ಗೆ ವಾಪಸ್. ಇದನ್ನೇ ಮತ್ತೆ ಮತ್ತೆ. ಯಾಕೆ ಮತ್ತೆ ಮತ್ತೆ? 5 ಮಿಲಿಸೆಕೆಂಡ್‌ನಲ್ಲಿ ಪೀಕ್‌ಗೆ 100 ಫೋಟಾನ್ ಎಣಿಸಿದರೆ ಅದರ ಸಹಜ ಏರುಪೇರು 10, ಅಂದರೆ 10 ಶೇಕಡಾ. ನೂರು ಸಲ ಕೂಡಿದರೆ 10,000ಕ್ಕೆ 100, ಒಂದು ಶೇಕಡಾ. ನೈಲ್ ಬ್ಲೂ ಹೋಗಿ ವಾಪಸ್ ಬರುವ ಅಣು, ಆದ್ದರಿಂದ ಇದು ನಡೆಯುತ್ತದೆ. ಪ್ರತಿ ಸುತ್ತಿನ ಮೊದಲ ಫ್ರೇಮ್‌ನ 592 ಎತ್ತರವನ್ನು ಒಂದು ಗ್ರಾಫ್‌ನಲ್ಲಿ ಹಾಕುತ್ತಾ ಹೋಗಿ, ಅದು ಇಳಿಯಲು ಶುರುವಾದ ಸುತ್ತಿನಿಂದ ಮುಂದಿನದನ್ನು ಬಿಟ್ಟುಬಿಡಿ. ಕಾಸ್ಮಿಕ್ ಕಿರಣದ ಮುಳ್ಳುಗಳು ಬರುತ್ತವೆ, ಅದಕ್ಕೆ ಸರಾಸರಿಗಿಂತ ಮೀಡಿಯನ್ ವಾಸಿ. ಸುತ್ತುಗಳ ನಡುವಿನ ವಿಶ್ರಾಂತಿಯನ್ನು 20 ಮಿಲಿಸೆಕೆಂಡ್‌ನ ಗುಣಕ ಆಗದ ಹಾಗೆ ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿದರೆ 50 ಹರ್ಟ್ಸ್ ಅಲೆ ತಾನಾಗಿ ಸವೆದುಹೋಗುತ್ತದೆ.

ಫ್ರೇಮ್‌ಗಿಂತ ಸಣ್ಣ ಸಮಯ ಬೇಕಾದರೆ ಮೆಟ್ಟಿಲನ್ನು ಪ್ರತಿ ನೂರು ಸುತ್ತಿಗೊಮ್ಮೆ ಒಂದು ಮಿಲಿಸೆಕೆಂಡ್ ಮುಂದೆ ಸರಿಸಿ. ಐದು ಸರಣಿ ಹೆಣೆದರೆ ಬಿಂದುಗಳು ಮಿಲಿಸೆಕೆಂಡ್‌ಗೊಂದರಂತೆ ಬರುತ್ತವೆ. ಪ್ರತಿ ಬಿಂದುವೂ 5 ಮಿಲಿಸೆಕೆಂಡ್‌ನ ಸರಾಸರಿಯೇ ಅನ್ನೋದನ್ನು ಫಿಟ್ ಮಾಡುವಾಗ ಮರೆಯಬೇಡಿ.

ಇದೇ ಮೆಟ್ಟಿಲನ್ನು ಬಣ್ಣವಿಲ್ಲದ ಎಲೆಕ್ಟ್ರೋಡ್ ಮೇಲೂ ಕೊಟ್ಟು ಕರೆಂಟ್ ಇಟ್ಟುಕೊಳ್ಳಿ. ಮುಂದೆ ಕಳೆಯಲು ಬೇಕು.

ಹಂತ 10: ಎರಡು ಗೆರೆಗಳನ್ನು ಒಂದೇ ಗ್ರಾಫ್‌ನಲ್ಲಿ

ಸ್ಪೆಕ್ಟ್ರಮ್‌ನ ಹಿನ್ನೆಲೆ ಪೊಟೆನ್ಶಿಯಲ್ ಜೊತೆ ತಾನೂ ಏರಿಳಿಯುತ್ತದೆ, ಅದನ್ನು ಕಳೆದೇ 592ಕ್ಕೆ ಲೊರೆಂಟ್ಸಿಯನ್ (ಪೀಕ್‌ನ ಆಕಾರದ ಸೂತ್ರ) ಫಿಟ್ ಮಾಡಿ. ಎತ್ತರವನ್ನು ಶುರುವಿನಲ್ಲಿ 1, ಕೊನೆಯಲ್ಲಿ 0 ಆಗುವ ಹಾಗೆ ಅಳವಡಿಸಿ. ಇನ್ನೊಂದು ಕಡೆ ಕರೆಂಟ್‌ನಿಂದ ಬಣ್ಣವಿಲ್ಲದ ಕರೆಂಟ್ ಕಳೆದು ಕೂಡಿಸುತ್ತಾ ಹೋದರೆ ಚಾರ್ಜ್ ಬರುತ್ತದೆ, ಅದನ್ನೂ 1ರಿಂದ 0ಗೆ ತನ್ನಿ. ಎರಡನ್ನೂ ಒಂದರ ಮೇಲೊಂದು ಹಾಕಿ.

ಎರಡೂ ಕೂಡಿಕೊಂಡರೆ ಎಲೆಕ್ಟ್ರಾನ್ ಬಂದದ್ದೂ ಅಣು ಬದಲಾದದ್ದೂ ಒಟ್ಟಿಗೆ. ರಾಮನ್ ಹಿಂದೆ ಬಿದ್ದರೆ ಮಧ್ಯೆ ಇನ್ನೊಂದು ರೂಪ ಇರಬಹುದು, ಬೇರೆ ಪೀಕ್ ಹುಟ್ಟಿ ಸತ್ತಿದೆಯಾ ಹುಡುಕಿ. ಆದರೆ ಅಷ್ಟು ಬೇಗ ಖುಷಿ ಪಡಬೇಡಿ. ಕರೆಂಟ್ ಇಡೀ ಎಲೆಕ್ಟ್ರೋಡ್‌ನದು, ರಾಮನ್ ಕೆಲವೇ ಹಾಟ್‌ಸ್ಪಾಟ್‌ಗಳದು. 2008ರಲ್ಲಿ ಅಮೆರಿಕದ ಇಲಿನಾಯ್ ತಂಡ ಒಂದು ಬೆಳ್ಳಿ ಮೇಲ್ಮೈಯಲ್ಲಿ ಲೆಕ್ಕ ಹಾಕಿತು: ಹತ್ತು ಲಕ್ಷ ಜಾಗಗಳಲ್ಲಿ ಬರೀ 63 ಅತಿ ಬಿಸಿಯಾದವು, ಅವೇ ಒಟ್ಟು ಸಿಗ್ನಲ್‌ನ 24 ಶೇಕಡಾ ಕೊಡುತ್ತಿದ್ದವು. ಸಂದಿಯಲ್ಲಿ ಕೂತ ಅಣುವಿನ ವೇಗ ಬಯಲಿನಲ್ಲಿ ಕೂತ ಅಣುವಿನ ವೇಗವೇ ಆಗಿರಬೇಕಿಲ್ಲ. ಶಿಯಾಮೆನ್‌ನವರಿಗೂ ಬೆಳ್ಳಿಯ ಮೇಲೆ ನೈಲ್ ಬ್ಲೂವಿನಲ್ಲಿ ಒಂದಲ್ಲ, ಎರಡು ವೇಗ ಸ್ಥಿರಾಂಕ ಸಿಕ್ಕಿದ್ದವು, ಜೊತೆಗೆ ಅಣು ಎಲೆಕ್ಟ್ರಾನ್ ತಗೊಳ್ಳುತ್ತಿರುವಾಗ ಪೀಕ್ ಇಳಿಯುವ ಬದಲು ಏರಿದ ವಿಚಿತ್ರವೂ ಕಂಡಿತ್ತು. ಅದಕ್ಕೇ ನಾಲ್ಕೈದು ಬೇರೆ ಬೇರೆ ಬೊಟ್ಟಿನಲ್ಲಿ ಅಳೆದು ವೇಗ ಎಷ್ಟು ಹರಡಿಕೊಂಡಿದೆ ಅಂತ ತೋರಿಸಿ. ಒಂದೇ ಬೊಟ್ಟಿನ ಚೆಂದದ ಗ್ರಾಫ್‌ಗಿಂತ ಅದಕ್ಕೆ ಬೆಲೆ ಜಾಸ್ತಿ.

ನಿಮಗೆ ಸಿಕ್ಕ ಸಮಯ ಸೆಲ್‌ನ ಐದು ಪಟ್ಟು ಆರ್‌ಸಿಗೆ ಹತ್ತಿರ ಇದ್ದರೆ ಅದು ಅಣುವಿನದಲ್ಲ. ನಮ್ಮ 3 ಮಿಲಿಸೆಕೆಂಡ್ ಸೆಲ್‌ನಲ್ಲಿ ಸೆಕೆಂಡಿಗೆ 300ರ ಆಸುಪಾಸಿನ ವೇಗ ಸ್ಥಿರಾಂಕ ಬಂದರೆ "ಇದಕ್ಕಿಂತ ವೇಗ" ಅಂತ ಮಾತ್ರ ಬರೆಯಬಹುದು. ನಿಜವಾದ ಸಂಖ್ಯೆ ಬೇಕಾದರೆ 25 ಮೈಕ್ರಾನ್ ತಂತಿಗೆ ಹೋಗಿ.

ಬೇರೆ ಲೋಹ, ಬೇರೆ ಅಣು

ಪ್ಲಾಟಿನಂ, ನಿಕಲ್, ಬ್ಯಾಟರಿಯ ಎಲೆಕ್ಟ್ರೋಡ್ ಇವುಗಳ ಮೇಲೆ ಸರ್ಸ್ ತಾನಾಗಿ ಬರುವುದು ಬಹಳ ಕಡಿಮೆ. 2010ರಲ್ಲಿ ಶಿಯಾಮೆನ್‌ನಿಂದಲೇ ಬಂದ ಶೈನರ್ಸ್ ವಿಧಾನ ಇದಕ್ಕೆ ದಾರಿ: ಸುಮಾರು 55 ನ್ಯಾನೋಮೀಟರ್‌ನ ಚಿನ್ನದ ಕಣಗಳಿಗೆ ಕೆಲವೇ ನ್ಯಾನೋಮೀಟರ್ ಸಿಲಿಕಾ ಕವಚ ಹಾಕಿ ಬೇಕಾದ ಮೇಲ್ಮೈ ಮೇಲೆ ಚೆಲ್ಲುವುದು. ಕವಚದಲ್ಲಿ ತೂತು ಇದ್ದರೆ ಅಣು ಒಳಗಿನ ಚಿನ್ನಕ್ಕೇ ಅಂಟಿ ಸುಳ್ಳು ಹೇಳುತ್ತದೆ. ಪಿರಿಡಿನ್ ಹಾಕಿ, ಸಿಲಿಕಾನ್ ತುಂಡಿನ ಮೇಲೆ ಸಿಗ್ನಲ್ ಬರುತ್ತಿಲ್ಲ ಅಂತ ಖಚಿತ ಮಾಡಿಕೊಂಡೇ ಬಳಸಿ.

ಅಣು ಬದಲಿಸುವುದಾದರೆ ಹೆಚ್ಚಿನವರು ಮೊದಲು ಕೈ ಹಾಕುವುದು 4-ನೈಟ್ರೋಥಯೋಫಿನಾಲ್‌ಗೆ. ಚಿನ್ನಕ್ಕೆ ಗಟ್ಟಿಯಾಗಿ ಅಂಟುತ್ತದೆ, 1340ರ ಹತ್ತಿರ ನೈಟ್ರೋ ಪೀಕ್ ಎದ್ದು ಕಾಣುತ್ತದೆ, ನೋಡಲು ಸುಲಭ. ಆದರೆ ಈ ಅಣು ಪೊಟೆನ್ಶಿಯಲ್ ಇಲ್ಲದೆಯೂ ಬರೀ ಲೇಸರ್‌ಗೇ ಬದಲಾಗುತ್ತದೆ, ಎರಡೆರಡು ಅಣು ಜೋಡಿಯಾಗಿ ಅಜೋ ಸಂಯುಕ್ತವಾಗುತ್ತದೆ. 1140, 1390, 1440ರ ಸುತ್ತ ಹೊಸ ಪೀಕ್ ಕಂಡರೆ ಅದೇ. ವಾಪಸ್ ಬರುವ ಕ್ರಿಯೆಯೂ ಅಲ್ಲ, ಆದ್ದರಿಂದ ನೂರು ಸುತ್ತಿನ ಸರಾಸರಿ ಇಲ್ಲಿ ನಡೆಯುವುದಿಲ್ಲ. ಪ್ರತಿ ಮೆಟ್ಟಿಲಿಗೂ ಹೊಸ ಎಲೆಕ್ಟ್ರೋಡ್ ಬೇಕು, ಯಾಕೆಂದರೆ ಒಂದೇ ಮೆಟ್ಟಿಲಿಗೆ ಇಡೀ ಮೇಲ್ಮೈಯ ಅಣುಗಳು ಮುಗಿದಿರುತ್ತವೆ, ಸ್ಟೇಜ್ ಸರಿಸಿ ಬೇರೆ ಜಾಗ ನೋಡಿದರೂ ಉಪಯೋಗ ಇಲ್ಲ. ಲೇಸರ್ ಅನ್ನು ಮೆಟ್ಟಿಲಿಗೆ ಸ್ವಲ್ಪ ಮುಂಚೆ ಮಾತ್ರ ತೆರೆಯಿರಿ. ಮತ್ತು ಮೆಟ್ಟಿಲು ಕೊಡದೆ, ಅಷ್ಟೇ ಹೊತ್ತು ಲೇಸರ್ ಬಿಟ್ಟ ಒಂದು ರನ್ ಅನ್ನು ಪ್ರತಿ ಎಲೆಕ್ಟ್ರೋಡ್‌ನ ಒಂದು ಮೂಲೆಯಲ್ಲಿ ಮೊದಲೇ ತೆಗೆದು ಪಕ್ಕಕ್ಕೆ ಇಡಿ, ಆ ರನ್‌ನಲ್ಲೂ 1340 ಇಳಿದಿದ್ದರೆ ಶಕ್ತಿ ಇನ್ನೂ ಕಡಿಮೆ ಮಾಡಬೇಕು.